ಹಾಯಿ ನೇಯ್ದವರು

ನ್ಯೂಯಾರ್ಕ್ ಸುತ್ತಮುತ್ತ ವೈಕಿಂಗರ ಪರಂಪರೆಯನ್ನು ನೋಡಬೇಕೆನ್ನುವವರು ಒಂದೇ ಕಟ್ಟಡದ ಬಾಗಿಲು ತಟ್ಟಿದರೆ ಸಾಲದು. ಮ್ಯಾನ್‌ಹ್ಯಾಟನ್‌ನ ಪಾರ್ಕ್ ಅವೆನ್ಯೂದಲ್ಲಿ ಸ್ಕ್ಯಾಂಡಿನೇವಿಯಾ ಹೌಸ್ ಇದೆ, ಬ್ರೂಕ್ಲಿನ್‌ನ ಬೇ ರಿಡ್ಜ್‌ನಲ್ಲಿ ಒಂದು ಸ್ಮಾರಕವಿದೆ, ಅಲ್ಲಿಯೇ ಹತ್ತಿರದ ಔಲ್ಸ್ ಹೆಡ್ ಪಾರ್ಕಿನಲ್ಲಿ ವೈಕಿಂಗ್ ಫೆಸ್ಟ್ ಎಂಬ ಜಾತ್ರೆ ನಡೆಯುತ್ತದೆ. ಇವುಗಳ ಜೊತೆಗೆ ಆಗೊಮ್ಮೆ ಈಗೊಮ್ಮೆ ಹೊರಗಿನಿಂದ ಬಂದು ಕೆಲವು ತಿಂಗಳಿದ್ದು ಹೋಗುವ ಪ್ರದರ್ಶನಗಳು, ಹಡ್ಸನ್ ದಂಡೆಗೆ ಬಂದು ತಂಗುವ ಮರದ ಹಡಗುಗಳು. ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಬಿಡುವು ಸಿಕ್ಕಾಗಲೆಲ್ಲ ರೈಲು ಹಿಡಿದು ಇವನ್ನು ಒಂದೊಂದಾಗಿ ನೋಡಿದ್ದೇನೆ. ನೋಡುತ್ತ ಹೋದಂತೆ ನನ್ನ ಕಣ್ಣು ಕತ್ತಿ ಕೊಡಲಿಗಳನ್ನು ದಾಟಿ ಕದಿರು, ನೂಲು, ಮಗ್ಗಗಳ ಮೇಲೆ ನಿಲ್ಲತೊಡಗಿತು. ಅದಕ್ಕೆ ಕಾರಣ ನನ್ನ ಹುಟ್ಟು. ನಮ್ಮದು ಚಳ್ಳಕೆರೆ ಸೀಮೆಯ ಕಂಬಳಿ ನೇಯುವ ಮನೆತನ.

2016ರಲ್ಲಿ ಟೈಮ್ಸ್ ಸ್ಕ್ವೇರ್ ಮಗ್ಗುಲಲ್ಲಿ, ಒಂದು ಕಾಲಕ್ಕೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯದಾಗಿದ್ದ ಕಟ್ಟಡದಲ್ಲಿ, ವೈಕಿಂಗರ ಬದುಕಿನ ದೊಡ್ಡ ಪ್ರದರ್ಶನವೊಂದು ನಡೆಯಿತು. ಸ್ವೀಡನ್ನಿನ ಇತಿಹಾಸ ಮ್ಯೂಸಿಯಂನಿಂದ ಬಂದ ಸುಮಾರು 500 ವಸ್ತುಗಳು ಅಲ್ಲಿದ್ದವು. ನನ್ನ ಮಗಳು ಒಳಗೆ ಕಾಲಿಟ್ಟವಳೇ ಕೊಂಬಿನ ಶಿರಸ್ತ್ರಾಣವನ್ನು ಹುಡುಕತೊಡಗಿದಳು. ಅಂಥದ್ದು ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ವೈಕಿಂಗ್ ಕಾಲದ್ದೆಂದು ಹೆಚ್ಚುಕಡಿಮೆ ಪೂರ್ತಿಯಾಗಿ ಸಿಕ್ಕಿರುವ ಪ್ರಸಿದ್ಧ ಶಿರಸ್ತ್ರಾಣ ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ದೊರೆಯಿತು. ಅದು ದುಂಡಗಿನ ಕಬ್ಬಿಣದ ಟೋಪಿ. ಕಣ್ಣಿನ ಸುತ್ತ ಕನ್ನಡಕದಂಥ ಕಾಪು ಇದೆ, ಕೊಂಬಿಲ್ಲ. ಕೊಂಬುಗಳು ಜನರ ಮನಸ್ಸಿಗೆ ಅಂಟಿಕೊಂಡದ್ದು 1876ರಲ್ಲಿ, ಜರ್ಮನಿಯಲ್ಲಿ ವಾಗ್ನರ್‌ನ ಸಂಗೀತ ನಾಟಕಕ್ಕೆ ಕಾರ್ಲ್ ಎಮಿಲ್ ಡೋಪ್ಲರ್ ಎಂಬ ಕಲಾವಿದ ವೇಷಭೂಷಣ ಮಾಡಿಕೊಟ್ಟ ಮೇಲೆ.

ಗಾಜಿನ ಪೆಟ್ಟಿಗೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವು ಚಿಕ್ಕ ವಸ್ತುಗಳು. ಕಂಚಿನ ಬೀಗದ ಕೈಗಳು, ಜಿಂಕೆಯ ಕೊಂಬಿನಿಂದ ಕೆತ್ತಿದ ಬಾಚಣಿಗೆಗಳು, ಹೆಂಗಸರು ಉಡುಪಿನ ಪಟ್ಟಿಗಳನ್ನು ಎರಡೂ ಭುಜಗಳ ಕೆಳಗೆ ಬಿಗಿಯುತ್ತಿದ್ದ ಮೊಟ್ಟೆಯಾಕಾರದ ಉಬ್ಬು ಪಿನ್ನುಗಳು. ಮನೆ, ಉಗ್ರಾಣ, ಪೆಟ್ಟಿಗೆಗಳ ಬೀಗದ ಕೈಯನ್ನು ಯಜಮಾನಿ ಸೊಂಟಕ್ಕೆ ತೂಗಿಕೊಳ್ಳುತ್ತಿದ್ದಳು, ಸತ್ತಾಗ ಅದನ್ನು ಅವಳೊಂದಿಗೇ ಹೂಳುವುದೂ ಇತ್ತು. ಗಂಡಸರು ಬೇಸಿಗೆಯಲ್ಲಿ ಕಡಲ ಮೇಲೆ ಹೋದರೆ ಹೊಲ, ದನ, ಆಳುಕಾಳು, ಚಳಿಗಾಲಕ್ಕೆ ಕೂಡಿಡಬೇಕಾದ ಆಹಾರ ಎಲ್ಲವೂ ಅವಳ ಹೊಣೆ.

ಇದೇ ಜನರ ಕೈಗೆ ಭಾರತದ ವಸ್ತುವೂ ತಲುಪಿತ್ತು. ಸ್ಟಾಕ್‌ಹೋಮ್ ಬಳಿಯ ಹೆಲ್ಗೋ ದ್ವೀಪದಲ್ಲಿ 1950ರ ದಶಕದ ಉತ್ಖನನದಲ್ಲಿ ಬುದ್ಧನ ಒಂದು ಪುಟ್ಟ ಕಂಚಿನ ಮೂರ್ತಿ ಸಿಕ್ಕಿತು. ಸುಮಾರು 6ನೇ ಶತಮಾನದಲ್ಲಿ ಉಪಖಂಡದ ವಾಯವ್ಯ ಭಾಗದಲ್ಲಿ ಎರಕ ಹೊಯ್ದದ್ದು. ಯಾರ ಯಾರ ಗಂಟಿನಲ್ಲಿ, ಎಷ್ಟು ಸಂತೆಗಳನ್ನು ದಾಟಿ ಅಲ್ಲಿಗೆ ಹೋಯಿತೋ! ಅರಬರ ಬೆಳ್ಳಿ ನಾಣ್ಯಗಳಂತೂ ಸ್ಕ್ಯಾಂಡಿನೇವಿಯಾದ ಮಣ್ಣಿನಲ್ಲಿ ರಾಶಿ ರಾಶಿಯಾಗಿ ಸಿಕ್ಕಿವೆ. ಗಾಟ್‌ಲೆಂಡ್ ದ್ವೀಪದ ಸ್ಪಿಲಿಂಗ್ಸ್ ಎಂಬ ಹೊಲದಲ್ಲಿ 1999ರಲ್ಲಿ ದೊರೆತ ನಿಧಿಯೊಂದರಲ್ಲೇ 14,000ಕ್ಕೂ ಹೆಚ್ಚು ನಾಣ್ಯಗಳಿದ್ದವು.

ಇತಿಹಾಸಕಾರರು ವೈಕಿಂಗ್ ಕಾಲ ಎಂದು ಗುರುತಿಸುವುದು ಸುಮಾರಾಗಿ 793ರಿಂದ 1066ರವರೆಗಿನ ಅವಧಿಯನ್ನು. 793ರಲ್ಲಿ ಅವರು ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠವನ್ನು ಲೂಟಿ ಮಾಡಿದರು. ಆ ದಾಳಿಯ ಸುದ್ದಿಯನ್ನು ಬರೆದಿಟ್ಟವರು ಪೆಟ್ಟು ತಿಂದ ಪಾದ್ರಿಗಳಾದ್ದರಿಂದ ಆ ಜನರ ಬಗ್ಗೆ ಜಗತ್ತಿಗೆ ಮೊದಲು ತಿಳಿದದ್ದು ಬೆಂಕಿ ಮತ್ತು ರಕ್ತ. ಆದರೆ ಅವರಲ್ಲಿ ಬಹುಪಾಲು ಮಂದಿ ಬೇಸಾಯಗಾರರು. ಬಾರ್ಲಿ ಬಿತ್ತುವವರು, ಹುಲ್ಲು ಕೊಯ್ದು ಒಣಗಿಸುವವರು, ಹಸು ಕುರಿ ಮೇಕೆ ಸಾಕುವವರು, ಮೀನು ಹಿಡಿಯುವವರು.

ಅವರ ಮನೆ ಒಂದೇ ಉದ್ದನೆಯ ಕೋಣೆ. ಅನುಕೂಲಸ್ಥರದ್ದಾದರೆ 20 ಅಥವಾ 30 ಮೀಟರ್ ಉದ್ದ. ಮರ ಸಿಗುವ ಕಡೆ ಮರದ ಗೋಡೆ. ಮರವೇ ವಿರಳವಾದ ಐಸ್‌ಲೆಂಡ್, ಗ್ರೀನ್‌ಲೆಂಡ್‌ಗಳಲ್ಲಿ ಬೇರು ಸಮೇತ ಕತ್ತರಿಸಿದ ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿ ಒಂದು ಮೀಟರಿಗೂ ದಪ್ಪನಾದ ಗೋಡೆ ಕಟ್ಟುತ್ತಿದ್ದರು. ನಡುವೆ ನೆಲದ ಮೇಲೆ ಉದ್ದಕ್ಕೆ ಒಲೆ, ಎರಡೂ ಬದಿಗೆ ಜಗಲಿ. ಕೂರುವುದು, ಉಣ್ಣುವುದು, ನೂಲುವುದು, ಮಲಗುವುದು ಎಲ್ಲ ಆ ಜಗಲಿಯ ಮೇಲೆಯೇ. ಚಿಮಣಿ ಇಲ್ಲ, ಹೊಗೆ ಮಾಡಿನ ಕಿಂಡಿಯಿಂದ ನಿಧಾನಕ್ಕೆ ಹೊರಹೋಗಬೇಕು. ಎಷ್ಟೋ ಕಡೆ ಚಳಿಗಾಲದಲ್ಲಿ ಅದೇ ಸೂರಿನ ಇನ್ನೊಂದು ತುದಿಯಲ್ಲಿ ದನಗಳನ್ನು ಕಟ್ಟುತ್ತಿದ್ದರು. ಊಟಕ್ಕೆ ಬಾರ್ಲಿ ಗಂಜಿ, ತೆಳು ರೊಟ್ಟಿ, ಬೆಣ್ಣೆ, ಗಾಳಿಗೆ ಒಣಗಿಸಿದ ಮೀನು, ಹುಳಿ ಹಾಲುನೀರಿನಲ್ಲಿ ಮುಳುಗಿಸಿಟ್ಟ ಮಾಂಸ, ಸ್ಕಿರ್ ಎಂಬ ಗಟ್ಟಿ ಮೊಸರು. ಸ್ಕಿರ್ ಈಗ ನಮ್ಮೂರಿನ ಅಂಗಡಿಯಲ್ಲೂ ಡಬ್ಬಿಗಳಲ್ಲಿ ಸಿಗುತ್ತದೆ. ಮಗಳಿಗೆ ಅದು ಇಷ್ಟ.

ಇನ್ನು ಉಣ್ಣೆಯ ವಿಷಯ. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ನಮ್ಮ ಮನೆಯಲ್ಲಿ ಕುರಿಯ ಮೈಯಿಂದ ಕಂಬಳಿಯಾಗುವ ತನಕದ ಕೆಲಸವನ್ನು ನೋಡುತ್ತ ಬೆಳೆದೆ. ತುಪ್ಪಟ ಕತ್ತರಿಸುವುದು, ಕಸ ಮುಳ್ಳು ಆರಿಸುವುದು, ಬಿಲ್ಲಿನ ಹುರಿಯಿಂದ ಹೊಡೆದು ಹಗುರ ಮಾಡುವುದು, ಆಮೇಲೆ ಅಜ್ಜಿಯ ಕೈಯ ನೂಲು, ಹಾಸಿನ ಉದ್ದೆಳೆಗಳಿಗೆ ಹುಣಸೆ ಬೀಜದ ಸರಿ, ಕೊನೆಗೆ ಕುಣಿಮಗ್ಗ. ಸರಿ ಕುಡಿದ ಕಂಬಳಿ ಗಡಸಾಗುತ್ತದೆ, ಮಳೆಯನ್ನು ತಡೆಯುತ್ತದೆ. ನೂಲುವ ಕೆಲಸಕ್ಕೆ ಮುಗಿತಾಯವೆಂಬುದೇ ಇರಲಿಲ್ಲ. ಅಜ್ಜಿ ಮಾತಾಡುತ್ತ ನೂಲುತ್ತಿದ್ದರು, ಮೊಮ್ಮಕ್ಕಳನ್ನು ಗದರುತ್ತ ನೂಲುತ್ತಿದ್ದರು, ಯಾರಾದರೂ ಸತ್ತ ಸುದ್ದಿ ಕೇಳಿ ಕಣ್ಣೊರೆಸಿಕೊಂಡು ಮತ್ತೆ ಕದಿರು ಹಿಡಿಯುತ್ತಿದ್ದರು. ಟೈಮ್ಸ್ ಸ್ಕ್ವೇರ್ ಪ್ರದರ್ಶನದಲ್ಲಿ ಕದಿರಿನ ಬಿಲ್ಲೆಗಳು ಕಂಡಾಗ, ಅಂದರೆ ಕದಿರು ಸಮನಾಗಿ ತಿರುಗಲೆಂದು ಅದರ ಬುಡಕ್ಕೆ ಸಿಕ್ಕಿಸುವ ತೂತಿನ ಕಲ್ಲುಗಳು ಕಂಡಾಗ, ಅಕ್ಕಪಕ್ಕದವರು ಅವನ್ನು ದಾಟಿ ಕತ್ತಿಯ ಕಡೆ ಹೋಗುತ್ತಿದ್ದರು. ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ವೈಕಿಂಗರ ಮಗ್ಗ ನೆಟ್ಟಗೆ ನಿಲ್ಲುವಂಥದ್ದು. ಎರಡು ಕಂಬಗಳನ್ನು ಗೋಡೆಗೆ ಓರೆಯಾಗಿ ಒರಗಿಸಿ ಮೇಲೆ ಅಡ್ಡಮರ ಇಡುತ್ತಾರೆ. ಹಾಸಿನ ಎಳೆಗಳು ಆ ಅಡ್ಡಮರದಿಂದ ಕೆಳಗೆ ಇಳಿಬೀಳುತ್ತವೆ. ಎಳೆಗಳು ಬಿಗಿಯಾಗಿ ನಿಲ್ಲಲು ಗೊಂಚಲು ಗೊಂಚಲಾಗಿ ಕಟ್ಟಿ ಬುಡಕ್ಕೆ ಮಣ್ಣಿನ ಅಥವಾ ಬಳಪದ ಕಲ್ಲಿನ ತೂಕ ತೂಗುಹಾಕುತ್ತಾರೆ. ನೇಯುವವಳು ನಿಂತೇ ನೇಯಬೇಕು, ಈ ತುದಿಯಿಂದ ಆ ತುದಿಗೆ ನಡೆಯುತ್ತಿರಬೇಕು. ಬಟ್ಟೆ ಮೇಲಿನಿಂದ ಕೆಳಕ್ಕೆ ಬೆಳೆಯುವುದರಿಂದ ಹೊಕ್ಕನ್ನು, ಅಂದರೆ ಅಡ್ಡ ಎಳೆಯನ್ನು, ಕೆಳಗಿನಿಂದ ಮೇಲಕ್ಕೆ ಹೊಡೆದು ಕೂರಿಸಬೇಕು. ಅದಕ್ಕೆ ಬಳಸುತ್ತಿದ್ದ ಪಟ್ಟಿ ಕತ್ತಿಯ ಆಕಾರದ್ದು, ತಿಮಿಂಗಿಲದ ಮೂಳೆಯದೋ ಕಬ್ಬಿಣದ್ದೋ. ಕೈ ಎತ್ತಿ ಎತ್ತಿ ಹೊಡೆದ ಆ ಭುಜಗಳು ಸಂಜೆಗೆ ಎಷ್ಟು ಸೋಲುತ್ತಿದ್ದವೆಂದು ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಗೋರಿಗಳಲ್ಲಿ ಗಂಡಸಿಗೆ ಕತ್ತಿ ಸಿಕ್ಕರೆ ಹೆಂಗಸಿಗೆ ಎಷ್ಟೋ ಸಲ ಈ ನೇಯ್ಗೆಯ ಕತ್ತಿ ಸಿಗುತ್ತದೆ.

ಹೀಗೆ ನೇಯ್ದದ್ದು ಉಡಲು ಹೊದೆಯಲು ಮಾತ್ರವಾಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಹಡಗಿನ ಹಾಯಿಯೂ ಉಣ್ಣೆಯದೇ. ಉತ್ತರ ನಾರ್ವೆಯ ಟ್ರೊಂಡೆನೆಸ್ ಚರ್ಚಿನ ಮಾಡಿನ ಸಂದಿಗೆ ತುರುಕಿದ್ದ ಹಳೆಯ ಉಣ್ಣೆ ಬಟ್ಟೆಯ ತುಂಡುಗಳು ಹಾಯಿಯ ಚೂರುಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವು ವೈಕಿಂಗ್ ಕಾಲಕ್ಕಿಂತ ಈಚಿನವು, 13 ಅಥವಾ 14ನೇ ಶತಮಾನದ ಸುಮಾರಿನವು. ಆದರೂ ಹಾಯಿ ನೇಯುವ ವಿದ್ಯೆ ಹೇಗಿತ್ತೆಂಬುದು ಅದರಿಂದ ಗೊತ್ತಾಯಿತು. ಆ ಸೀಮೆಯ ಹಳೆ ತಳಿಯ ಕುರಿಗಳಿಗೆ ಎರಡು ಬಗೆಯ ಕೂದಲು, ಹೊರಗೆ ಉದ್ದನೆಯ ಬಿರುಸು ಕೂದಲು, ಒಳಗೆ ಮೆದು ತುಪ್ಪಟ. ಬಿರುಸು ಕೂದಲನ್ನು ಬೇರೆ ಮಾಡಿ ಗಟ್ಟಿ ಹುರಿ ಕೊಟ್ಟು ಹಾಸಿಗೆ ನೂಲುತ್ತಿದ್ದರು, ಮೆದು ತುಪ್ಪಟವನ್ನು ಸಡಿಲ ಹುರಿಯಲ್ಲಿ ಹೊಕ್ಕಿಗೆ. ನೇಯ್ದಾದ ಮೇಲೆ ಗಾಳಿ ಸೋರದಂತೆ ಪ್ರಾಣಿಕೊಬ್ಬು, ಮರದ ತಾರು, ಕೆಮ್ಮಣ್ಣು ಬೆರೆಸಿ ಸವರುತ್ತಿದ್ದರು. ಹಡಗಿನ ಹಲಗೆಗಳ ಸಂದುಗಳಿಗೂ ತಾರಿನಲ್ಲಿ ಅದ್ದಿದ ತುಪ್ಪಟದ ಹುರಿ.

ಒಂದು ಹಾಯಿಗೆ ಎಷ್ಟು ನೂಲು ಬೇಕು? ಡೆನ್ಮಾರ್ಕಿನ ರಾಸ್ಕಿಲ್ಡ ಕೊಲ್ಲಿಯಲ್ಲಿ 1962ರಲ್ಲಿ ಐದು ಹಡಗುಗಳನ್ನು ಹೊರತೆಗೆದರು. ಅವುಗಳಲ್ಲಿ ಸುಮಾರು 16 ಮೀಟರ್ ಉದ್ದದ ಸರಕು ಹಡಗು ಒಂದಿತ್ತು. ಅದರ ಪ್ರತಿರೂಪಕ್ಕೆ ಕಟ್ಟಿದ ಹಾಯಿ ಸುಮಾರು 90 ಚದರ ಮೀಟರಿನದು. ಒಂದು ಸೆಂಟಿಮೀಟರಿಗೆ ಹಾಸು 10 ಎಳೆ, ಹೊಕ್ಕು 5 ಎಳೆ ಎಂದು ಹಿಡಿಯೋಣ. ಒಂದು ಚದರ ಮೀಟರ್ ಬಟ್ಟೆಗೆ 1,500 ಮೀಟರ್ ನೂಲು ಬೇಕು, ಇಡೀ ಹಾಯಿಗೆ 135 ಕಿಲೋಮೀಟರ್. ಕೈಕದಿರಿನಲ್ಲಿ ಪಳಗಿದವರು ಗಂಟೆಗೆ ಸುಮಾರು 40 ಮೀಟರ್ ತೆಗೆದಾರು. ಒಬ್ಬಳೇ ಹೆಂಗಸು ದಿನಕ್ಕೆ 8 ಗಂಟೆ ಬಿಡದೆ ನೂತರೂ ಸುಮಾರು 420 ದಿನ. ಇದು ನೂಲಿನ ಲೆಕ್ಕ ಮಾತ್ರ. ತುಪ್ಪಟ ಬಿಡಿಸುವುದು, ಬಾಚುವುದು, ಮಗ್ಗಕ್ಕೆ ಏರಿಸುವುದು, ನೇಯುವುದು, ಪಟ್ಟಿಗಳನ್ನು ಜೋಡಿಸಿ ಹೊಲಿಯುವುದು ಇದರ ಮೇಲೆ. ಹಡಗಿನ ಮಂದಿಯ ಉಡುಪು, ಹೊದಿಕೆ, ಕೈಗವಸುಗಳನ್ನೂ ಸೇರಿಸಿದರೆ ಒಂದು ಹಡಗು ದಡ ಬಿಟ್ಟು ಹೊರಡುವ ಮುನ್ನ ಒಂದು ಊರಿನ ಹೆಂಗಸರ ಹಲವು ವರ್ಷಗಳ ದುಡಿಮೆ ಅದರಲ್ಲಿ ತುಂಬಿರುತ್ತಿತ್ತು. ಮರದ ಹಡಗನ್ನು ನುರಿತ ಬಡಗಿಗಳು ಅದಕ್ಕಿಂತ ಬೇಗ ಕಟ್ಟಿ ಮುಗಿಸುತ್ತಿದ್ದರೆಂದು ನಾನು ನಂಬುತ್ತೇನೆ.

ಐಸ್‌ಲೆಂಡಿನಲ್ಲಿ ವಾದ್‌ಮಾಲ್ ಎಂಬ ಉಣ್ಣೆ ಬಟ್ಟೆಯೇ ಹಣವಾಯಿತು. ದಂಡ, ತೆರಿಗೆ, ಸಾಲ ಎಲ್ಲಕ್ಕೂ ಬಟ್ಟೆಯ ಮೊಳವೇ ಅಳತೆ, ಅದರ ಅಗಲ ಮತ್ತು ಗುಣಮಟ್ಟಕ್ಕೆ ಕಾನೂನಿನ ಕಟ್ಟಳೆ. ಈ ದುಡಿಮೆಯೆಲ್ಲ ಒಲಿದು ಮಾಡಿದ್ದೂ ಅಲ್ಲ. ವೈಕಿಂಗರು ಜನರನ್ನು ಹಿಡಿದು ತಂದು ಮಾರುತ್ತಿದ್ದರು, ಡಬ್ಲಿನ್ ಅವರ ದೊಡ್ಡ ಗುಲಾಮರ ಪೇಟೆಗಳಲ್ಲಿ ಒಂದು. ಇಂದಿನ ಐಸ್‌ಲೆಂಡಿನವರ ವಂಶವಾಹಿಗಳನ್ನು ಪರೀಕ್ಷಿಸಿದಾಗ ತಂದೆಯ ಕಡೆಯ ಮೂಲ ಬಹುಪಾಲು ಸ್ಕ್ಯಾಂಡಿನೇವಿಯಾದ್ದೆಂದೂ ತಾಯಿಯ ಕಡೆಯ ಮೂಲದಲ್ಲಿ ಅರ್ಧಕ್ಕಿಂತ ಹೆಚ್ಚು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದೆಂದೂ ಕಂಡುಬಂದಿದೆ. ಆ ತಾಯಂದಿರಲ್ಲಿ ಎಷ್ಟು ಮಂದಿ ಮದುವೆಯಾಗಿ ಬಂದವರು, ಎಷ್ಟು ಮಂದಿ ಕೈಕಟ್ಟಿಸಿಕೊಂಡು ಬಂದವರು? ಉತ್ತರ ನೆನೆದರೆ ಹೊಟ್ಟೆ ಹಿಂಡುತ್ತದೆ. ವೈಕಿಂಗರ ಸಾಹಸವನ್ನು ಹೊಗಳುವವರು ಇದನ್ನೂ ಅದೇ ಉಸಿರಿನಲ್ಲಿ ಹೇಳಬೇಕೆಂದು ನನ್ನ ಹಟ.

ನ್ಯೂಯಾರ್ಕಿಗೆ ವೈಕಿಂಗ್ ಹಡಗುಗಳು ಬಂದದ್ದುಂಟು, ಸಾವಿರ ವರ್ಷ ತಡವಾಗಿ. 1880ರಲ್ಲಿ ನಾರ್ವೆಯ ಗೋಕ್‌ಸ್ಟಾಡ್ ಎಂಬ ಹೊಲದ ದಿಬ್ಬದಲ್ಲಿ 23 ಮೀಟರ್ ಉದ್ದದ ಹಡಗು ಸಿಕ್ಕಿತು. ಮ್ಯಾಗ್ನಸ್ ಆಂಡರ್ಸನ್ ಎಂಬ ಕಪ್ತಾನ ಅದರ ಪ್ರತಿರೂಪ ಕಟ್ಟಿಸಿ, 1893ರಲ್ಲಿ ಬರ್ಗೆನ್‌ನಿಂದ ಹೊರಟು, ನಾಲ್ಕು ವಾರದಲ್ಲಿ ನ್ಯೂಫೌಂಡ್‌ಲ್ಯಾಂಡ್ ತಲುಪಿ, ನ್ಯೂಯಾರ್ಕಿಗೆ ಬಂದ. ಮುಂದೆ ಹಡ್ಸನ್ ನದಿ, ಈರಿ ಕಾಲುವೆ, ಮಹಾಸರೋವರಗಳ ಮೂಲಕ ಶಿಕಾಗೋದ ವಿಶ್ವಮೇಳಕ್ಕೆ ಹೋದ. ಅಲೆಗಳಿಗೆ ತಕ್ಕಂತೆ ಹಡಗಿನ ಮೈ ಬಳುಕುತ್ತಿತ್ತು, ಆದರೂ ನೀರು ಸೋರಲಿಲ್ಲ ಎಂದು ಅವನು ಬೆರಗಿನಿಂದ ಬರೆದುಕೊಂಡ. ಆ ಹಡಗು ಈಗಲೂ ಇಲಿನಾಯ್ ರಾಜ್ಯದಲ್ಲಿದೆ. 2016ರ ಸೆಪ್ಟೆಂಬರಿನಲ್ಲಿ ಡ್ರಾಕೆನ್ ಹರಾಲ್ಡ್ ಹಾರ್‌ಫಾಗ್ರೆ ಎಂಬ 35 ಮೀಟರ್ ಉದ್ದದ ಹೊಸ ಹಡಗು ಐಸ್‌ಲೆಂಡ್, ಗ್ರೀನ್‌ಲೆಂಡ್ ದಾರಿಯಲ್ಲೇ ಸಾಗರ ದಾಟಿ ಬಂದು ಮ್ಯಾನ್‌ಹ್ಯಾಟನ್‌ನ ತೆಂಕಣ ತುದಿಯ ಹತ್ತಿರ ತಂಗಿತು. ಗಾಜಿನ ಗೋಪುರಗಳ ಬುಡದಲ್ಲಿ ಓಕ್ ಮರದ ಆ ಒಡಲನ್ನು ನೋಡಲು ಜನ ಸಾಲುಗಟ್ಟಿದ್ದರು. ಅದರ ಹಾಯಿ ರೇಷ್ಮೆಯದು. ಅಷ್ಟು ದೊಡ್ಡ ಹಾಯಿಯನ್ನು ಇಂದು ಯಾರು ತಾನೇ ಕೈಯಲ್ಲಿ ಉಣ್ಣೆ ನೂತು ನೇಯ್ದುಕೊಟ್ಟಾರು?

ನಾರ್ಸ್ ಜನ, ಅಂದರೆ ವೈಕಿಂಗ್ ಕಾಲದ ಸ್ಕ್ಯಾಂಡಿನೇವಿಯಾದವರು, ನಿಜವಾಗಿ ಮನೆ ಕಟ್ಟಿ ಇದ್ದರೆಂದು ಖಚಿತವಾಗಿರುವ ಅಮೆರಿಕ ಖಂಡದ ನೆಲೆ, ಗ್ರೀನ್‌ಲೆಂಡನ್ನು ಬಿಟ್ಟರೆ, ಒಂದೇ ಒಂದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರ ತುದಿಯ ಲಾನ್ಸ್ ಓ ಮೆಡೋಸ್. 1960ರಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಅಲ್ಲಿಗೆ ಬಂದು ಹಳೆಯ ಮನೆಗಳ ಗುರುತು ಉಂಟೇ ಎಂದು ವಿಚಾರಿಸಿದಾಗ, ಜಾರ್ಜ್ ಡೆಕರ್ ಎಂಬ ಸ್ಥಳೀಯರು ಹುಲ್ಲು ಮುಚ್ಚಿದ ದಿಬ್ಬಗಳನ್ನು ತೋರಿಸಿದರು. ಹೆಲ್ಗೆಯ ಪತ್ನಿ ಆನ್ ಸ್ಟೀನ್ ಇಂಗ್‌ಸ್ಟಾಡ್ ಪುರಾತತ್ವಜ್ಞೆ. ಅವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ಹುಲ್ಲುಹೆಂಟೆಯ ಎಂಟು ಕಟ್ಟಡಗಳ ಬುಡ ಹೊರಬಂತು. ಜೌಗು ನೆಲದ ಅದಿರಿನಿಂದ ಕಬ್ಬಿಣ ಕರಗಿಸಿದ ಕುಲುಮೆ, ದೋಣಿ ದುರಸ್ತಿಯ ಮೊಳೆಗಳು, ಕಂಚಿನ ಒಂದು ಉಡುಪಿನ ಪಿನ್ನು ಸಿಕ್ಕವು. ಆ ದ್ವೀಪದಲ್ಲಿ ಬೆಳೆಯದ, ಇನ್ನೂ ದಕ್ಷಿಣಕ್ಕೆ ಹೋದರೆ ಮಾತ್ರ ಸಿಗುವ ಬಟರ್‌ನಟ್ ಎಂಬ ಕಾಯಿಗಳೂ ಸಿಕ್ಕವು. ಇವೆಲ್ಲದರ ನಡುವೆ ಬಳಪದ ಕಲ್ಲಿನ ಒಂದು ಪುಟ್ಟ ಕದಿರಿನ ಬಿಲ್ಲೆ, ಮೂಳೆಯ ಒಂದು ಸೂಜಿ. ಗಂಡಸರ ದಂಡಿನೊಂದಿಗೆ ಹೆಂಗಸರೂ ಅಲ್ಲಿಗೆ ಬಂದಿದ್ದರು ಎನ್ನಲು ವಿದ್ವಾಂಸರು ಮುಂದಿಡುವ ಸಾಕ್ಷಿ ಅದೇ ಬಿಲ್ಲೆ.

ಅವರು ಅಲ್ಲಿದ್ದ ಇಸವಿ ಗೊತ್ತಾದದ್ದು ಈಚೆಗೆ. 993ರಲ್ಲಿ ಸೂರ್ಯನಿಂದ ಹೊಮ್ಮಿದ ಕಣಗಳ ಬಿರುಗಾಳಿ ಭೂಮಿಗೆ ಬಡಿದು, ಜಗತ್ತಿನ ಎಲ್ಲ ಮರಗಳ ಆ ವರ್ಷದ ಉಂಗುರದಲ್ಲಿ ವಿಕಿರಣಶೀಲ ಇಂಗಾಲದ ಪ್ರಮಾಣವನ್ನು ಹೆಚ್ಚಿಸಿತು. ಲಾನ್ಸ್ ಓ ಮೆಡೋಸ್‌ನಲ್ಲಿ ಲೋಹದ ಕೊಡಲಿಯಿಂದ ಕಡಿದ ಮೂರು ಮರದ ತುಂಡುಗಳಲ್ಲಿ ವಿಜ್ಞಾನಿಗಳು ಆ ಉಂಗುರವನ್ನು ಗುರುತಿಸಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿದರು. 28 ಉಂಗುರ. ಅಂದರೆ ಮರ ಕಡಿದದ್ದು 1021ರಲ್ಲಿ. ನೇಚರ್ ಪತ್ರಿಕೆ ಇದನ್ನು 2021ರಲ್ಲಿ ಪ್ರಕಟಿಸಿತು. ನಮ್ಮ ಕಡೆ ಕಲ್ಯಾಣ ಚಾಲುಕ್ಯರ ಎರಡನೇ ಜಯಸಿಂಹ ಆಳುತ್ತಿದ್ದ ವರ್ಷಗಳು ಅವು.

ವೈಕಿಂಗರು ನ್ಯೂಯಾರ್ಕಿಗೆ ಬಂದಿದ್ದರೇ ಎಂದು ಇಲ್ಲಿ ಮಕ್ಕಳು ಕೇಳುವುದುಂಟು. ಈ ನೆಲ ಲೆನಾಪೆ ಜನರದು, ನಾರ್ಸ್ ನೆಲೆಯ ಯಾವ ಕುರುಹೂ ಇಲ್ಲಿಲ್ಲ. ಹತ್ತಿರದ ಪ್ರಾಮಾಣಿಕ ಸಾಕ್ಷಿಯೆಂದರೆ ಮೇನ್ ರಾಜ್ಯದ ಆದಿವಾಸಿ ನೆಲೆಯೊಂದರಲ್ಲಿ 1957ರಲ್ಲಿ ಸಿಕ್ಕ 11ನೇ ಶತಮಾನದ ನಾರ್ವೆಯ ಬೆಳ್ಳಿ ನಾಣ್ಯ. ಅದೂ ಕೈಯಿಂದ ಕೈಗೆ ದಾಟಿ ಬಂದದ್ದಿರಬೇಕು. ಪಕ್ಕದ ಕನೆಕ್ಟಿಕಟ್‌ನ ಯೇಲ್ ವಿಶ್ವವಿದ್ಯಾಲಯದಲ್ಲಿರುವ, ನಾರ್ಸ್ ಜನ ವಿನ್‌ಲ್ಯಾಂಡ್ ಎಂದು ಕರೆದ ಅಮೆರಿಕದ ನೆಲವನ್ನು ತೋರಿಸುವ ನಕ್ಷೆ 1965ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದರ ಶಾಯಿಯಲ್ಲಿ 20ನೇ ಶತಮಾನದ ಟೈಟಾನಿಯಂ ಬಣ್ಣ ಇರುವುದು ಖಚಿತವಾಗಿ, ನಕ್ಷೆ ನಕಲಿ ಎಂದು 2021ರಲ್ಲಿ ಯೇಲ್ ತಾನೇ ಸಾರಿತು.

ವಿನ್‌ಲ್ಯಾಂಡಿನ ಕಥೆಗಳು 13ನೇ ಶತಮಾನದ ಸುಮಾರಿಗೆ ಐಸ್‌ಲೆಂಡಿನಲ್ಲಿ ಬರಹಕ್ಕಿಳಿದವು. ಅವುಗಳಲ್ಲೂ ಬಟ್ಟೆ ಬರುತ್ತದೆ. ನಾರ್ಸ್ ಜನರಿಗೆ ಎದುರಾದ ಸ್ಥಳೀಯರು ತುಪ್ಪಳ ಕೊಟ್ಟು ಕೆಂಪು ಬಟ್ಟೆ ಕೇಳಿದರಂತೆ. ಮೊದಲು ಒಂದು ತುಪ್ಪಳಕ್ಕೆ ಒಂದು ಗೇಣು ಬಟ್ಟೆ. ಬಟ್ಟೆ ಮುಗಿಯುತ್ತ ಬಂದಂತೆ ಬೆರಳಗಲದ ಪಟ್ಟಿ, ತುಪ್ಪಳ ಮಾತ್ರ ಅಷ್ಟೇ. ಕೊನೆಗೆ ಜಗಳ, ಸಾವು. ಸಂಖ್ಯೆಯಲ್ಲಿ ಕಡಿಮೆಯಿದ್ದ ನಾರ್ಸ್ ಜನ ಹಿಂತಿರುಗಿದರು. ಈ ಯಾತ್ರೆಯಲ್ಲಿ ಗುಡ್ರಿಡ್ ಥೋರ್‌ಬ್ಯಾರ್ನಾರ್‌ಡೋಟಿರ್ ಇದ್ದಳು. ಗಂಡ ಥೋರ್‌ಫಿನ್ ಕಾರ್ಲ್‌ಸೆಫ್ನಿಯ ಜೊತೆ ಬಂದು, ಹೊಸ ನೆಲದಲ್ಲಿ ಸ್ನೋರಿ ಎಂಬ ಮಗನನ್ನು ಹೆತ್ತಳು. ಐಸ್‌ಲೆಂಡಿಗೆ ಹಿಂತಿರುಗಿದ ಮೇಲೆ ವಯಸ್ಸಾದ ಕಾಲದಲ್ಲಿ ರೋಮ್‌ವರೆಗೆ ಯಾತ್ರೆ ಹೋಗಿಬಂದು ಸನ್ಯಾಸಿನಿಯಾದಳೆಂದು ಒಂದು ಕಥೆ ಹೇಳುತ್ತದೆ. ಆ ಕಾಲದಲ್ಲಿ ಇಷ್ಟು ಲೋಕ ಕಂಡ ಇನ್ನೊಬ್ಬ ಹೆಂಗಸಿನ ಹೆಸರು ನನಗೆ ತೋಚುತ್ತಿಲ್ಲ.

ಗ್ರೀನ್‌ಲೆಂಡಿನ ನೆಲೆ ಮಾತ್ರ ನಾಲ್ಕುನೂರು ವರ್ಷಕ್ಕೂ ಹೆಚ್ಚು ಬಾಳಿತು. ಅದನ್ನು ಹೂಡಿದ ಕೆಂಪು ಎರಿಕ್ ಐಸ್‌ಲೆಂಡಿನಿಂದ 25 ಹಡಗುಗಳೊಂದಿಗೆ ಹೊರಟಾಗ ತಲುಪಿದ್ದು 14 ಎನ್ನುತ್ತವೆ ಹಳೆಯ ಬರಹಗಳು. ಅದು 985ರ ಸುಮಾರು. 1990ರಲ್ಲಿ ಹಿಮಸಾರಂಗ ಬೇಟೆಗಾರರ ಕಣ್ಣಿಗೆ ನದಿಯ ಮರಳಿನಿಂದ ಹೊರಚಾಚಿದ್ದ ಮರದ ತುಂಡುಗಳು ಬಿದ್ದವು. ಅಗೆದಾಗ ಹೆಪ್ಪುಗಟ್ಟಿದ ನೆಲದಡಿ ಇಡೀ ಒಂದು ಹೊಲಮನೆ, ಅದರಲ್ಲಿ ನೇಯುವ ಕೋಣೆ, ಮಗ್ಗದ ತೂಕದ ಕಲ್ಲುಗಳು! ಅದಕ್ಕೂ ಮೊದಲು 1921ರಲ್ಲಿ ಪೌಲ್ ನ್ಯೋರ್ಲಂಡ್ ಗ್ರೀನ್‌ಲೆಂಡಿನ ದಕ್ಷಿಣ ತುದಿಯ ಹೆರ್ಯೋಲ್ಫ್ಸ್‌ನೆಸ್ ಚರ್ಚಿನ ಸ್ಮಶಾನದಲ್ಲಿ ಸತ್ತವರಿಗೆ ಸುತ್ತಿದ್ದ ನಿಲುವಂಗಿ, ಕುಲಾವಿ, ಕಾಲುಚೀಲಗಳನ್ನು ಹೊರತೆಗೆದಿದ್ದರು. ಈಗ ಅವು ಕೋಪನ್‌ಹೇಗನ್‌ನಲ್ಲಿವೆ. ಈ ಬಟ್ಟೆಗಳ ಎಳೆ ಎಣಿಸಿದವರು ಒಂದು ವಿಶೇಷ ಕಂಡರು. ಬೇರೆ ಕಡೆಯ ಬಟ್ಟೆಗಳಲ್ಲಿ ಸಾಮಾನ್ಯವಾಗಿ ಹಾಸಿನ ಎಳೆ ಹೆಚ್ಚು. ಗ್ರೀನ್‌ಲೆಂಡಿನವರು ಹಾಸಿಗಿಂತ ಹೊಕ್ಕನ್ನು ಹೆಚ್ಚು ಒತ್ತಾಗಿ ಕೂರಿಸುವ ತಮ್ಮದೇ ಪದ್ಧತಿ ಬೆಳೆಸಿಕೊಂಡಿದ್ದರು. ಮೆದು ತುಪ್ಪಟದ ಹೊಕ್ಕು ಒತ್ತಾದಷ್ಟೂ ಬಟ್ಟೆ ಬೆಚ್ಚಗೆ. ಚಳಿ ಏರುತ್ತ ಬಂದ ನೆಲದಲ್ಲಿ ಯಾರೋ ಹೆಂಗಸರು ಮಗ್ಗದ ಮುಂದೆ ನಿಂತು ಯೋಚಿಸಿ ಕಂಡುಕೊಂಡ ದಾರಿ ಇದೆಂದು ನನ್ನ ಎಣಿಕೆ. ಎರಿಕ್‌ನ ಹೆಸರು ಉಳಿಯಿತು, ಇವರ ಹೆಸರು ಉಳಿಯಲಿಲ್ಲ. 1408ರಲ್ಲಿ ಹ್ವಾಲ್ಸೆ ಚರ್ಚಿನಲ್ಲಿ ನಡೆದ ಒಂದು ಮದುವೆ ಆ ನೆಲೆಯ ಬಗ್ಗೆ ಉಳಿದಿರುವ ಕೊನೆಯ ಲಿಖಿತ ಸುದ್ದಿ.

ಇನ್ನು ಬೇ ರಿಡ್ಜ್. ಮ್ಯಾನ್‌ಹ್ಯಾಟನ್‌ನಿಂದ ಆರ್ ರೈಲು ಹಿಡಿದು ಬೇ ರಿಡ್ಜ್ ಅವೆನ್ಯೂ ನಿಲ್ದಾಣದಲ್ಲಿ ಇಳಿದು 4ನೇ ಅವೆನ್ಯೂದಲ್ಲಿ 67ನೇ ಬೀದಿಯ ಕಡೆ ನಡೆದರೆ ಲೀಫ್ ಎರಿಕ್‌ಸನ್ ಪಾರ್ಕ್. ವಿನ್‌ಲ್ಯಾಂಡಿಗೆ ಹೋದ, ಕೆಂಪು ಎರಿಕ್‌ನ ಮಗನ ಹೆಸರಿನದು. ನಾರ್ವೆಯವರು ಈ ದೇಶಕ್ಕೆ ಗುಂಪಾಗಿ ಬರತೊಡಗಿದ್ದು 1825ರಲ್ಲಿ. ಸ್ಟವಾಂಗರ್‌ನಿಂದ ಹೊರಟ ರೆಸ್ಟೋರೇಷನ್ ಎಂಬ ಪುಟ್ಟ ಹಡಗು ಅಕ್ಟೋಬರ್ 9ರಂದು ನ್ಯೂಯಾರ್ಕ್ ಮುಟ್ಟಿತು. ಆ ದಿನವೇ ಈಗ ಇಲ್ಲಿ ಲೀಫ್ ಎರಿಕ್‌ಸನ್ ದಿನ. ಬ್ರೂಕ್ಲಿನ್‌ನ ಹಡಗುಕಟ್ಟೆಗಳಲ್ಲಿ ದುಡಿದ ನಾರ್ವೆಯವರು ಸನ್‌ಸೆಟ್ ಪಾರ್ಕ್, ಬೇ ರಿಡ್ಜ್‌ಗಳಲ್ಲಿ ಬೀಡುಬಿಟ್ಟರು. ಮಾಂಸ ಆಲೂಗಡ್ಡೆಗಳ ಅವರ ಸಾರಿನ ಹೆಸರಿನಿಂದ 8ನೇ ಅವೆನ್ಯೂವನ್ನು ಜನ ಲ್ಯಾಪ್‌ಸ್ಕೌಸ್ ಬೀದಿ ಎನ್ನುತ್ತಿದ್ದರು. ಅಲ್ಲಿ ಈಗ ಚೀನೀಯರ ಅಂಗಡಿಗಳು. ನಾರ್ವೆಯ ಮೊಮ್ಮಕ್ಕಳು ಊರ ಹೊರಗೆ ಹೋಗಿ ನೆಲೆಸಿದ್ದಾರೆ, ಮೇ ತಿಂಗಳಿನಲ್ಲಿ ತಮ್ಮ ಸಂವಿಧಾನದ ಹಬ್ಬದ ಮೆರವಣಿಗೆಗೆ ಕಸೂತಿಯ ಉಡುಪು ತೊಟ್ಟು ಬೇ ರಿಡ್ಜ್‌ಗೆ ಮರಳುತ್ತಾರೆ. ನಾವೂ ಮಕ್ಕಳಿಗೆ ಸೀರೆ ಪಂಚೆ ಉಡಿಸಿಕೊಂಡು ರಾಜ್ಯೋತ್ಸವಕ್ಕೆ ಹೋಗುವವರಾದ್ದರಿಂದ ಆ ಮೆರವಣಿಗೆ ನೋಡುವಾಗ ನನಗೆ ಪರಕೀಯವೆನಿಸುವುದಿಲ್ಲ.

ಪಾರ್ಕಿನಲ್ಲಿರುವ ಲೀಫ್‌ನ ಸ್ಮಾರಕ ಗ್ರಾನೈಟ್ ಕಲ್ಲಿನದು. ನಾರ್ವೆಯ ಟ್ಯೂನ್ ಎಂಬ ಊರಿನ ರೂನ್ ಲಿಪಿಯ ಕಲ್ಲಿನ ಮಾದರಿಯಲ್ಲಿ ಮಾಡಿಸಿದ್ದು. 1939ರಲ್ಲಿ ಯುವರಾಜ ಓಲಾವ್ ಬಂದು ಅನಾವರಣ ಮಾಡಿದರು. ಟ್ಯೂನ್‌ನ ಮೂಲ ಕಲ್ಲು ವೈಕಿಂಗ್ ಕಾಲಕ್ಕಿಂತ ಕೆಲವು ಶತಮಾನ ಹಳೆಯದು. ಸತ್ತ ಯಜಮಾನನೊಬ್ಬನ ಉತ್ತರಕ್ರಿಯೆಯನ್ನೋ ಆಸ್ತಿಯನ್ನೋ ಕುರಿತ ಅದರ ಬರಹದಲ್ಲಿ ಮೂವರು ಹೆಣ್ಣುಮಕ್ಕಳ ಪ್ರಸ್ತಾಪವಿದೆ. ಬ್ರೂಕ್ಲಿನ್‌ನ ಕಲ್ಲಿನಲ್ಲಿ ಇರುವುದು ಲೀಫ್ ಒಬ್ಬನೇ.

ಅದೇ 1939ರಲ್ಲಿ, ಇದೇ ನಗರದ ಕ್ವೀನ್ಸ್‌ನಲ್ಲಿ ನಡೆದ ವಿಶ್ವಮೇಳದಲ್ಲಿ ಐಸ್‌ಲೆಂಡಿನ ಶಿಲ್ಪಿ ಆಸ್ಮುಂಡುರ್ ಸ್ವೇಯ್ನ್‌ಸನ್ ಮಾಡಿದ ಗುಡ್ರಿಡ್‌ಳ ವಿಗ್ರಹ ಇತ್ತು. ಹಡಗಿನಲ್ಲಿ ನಿಂತು ಪುಟ್ಟ ಸ್ನೋರಿಯನ್ನು ಭುಜದ ಮೇಲೆ ನಿಲ್ಲಿಸಿಕೊಂಡ ತಾಯಿ. ಅಮೆರಿಕದ ಮೊದಲ ಬಿಳಿಯ ತಾಯಿ ಎಂದು ಆ ವಿಗ್ರಹಕ್ಕೆ ಹೆಸರಿಟ್ಟಿದ್ದರು. ಆ ಹೆಸರು ನನಗೂ ಒಪ್ಪಿಗೆಯಿಲ್ಲ, ಈ ನೆಲದಲ್ಲಿ ಸಾವಿರಾರು ವರ್ಷಗಳಿಂದ ತಾಯಂದಿರಿದ್ದರು. 2022ರಲ್ಲಿ ಐಸ್‌ಲೆಂಡಿನಲ್ಲಿ ಇಬ್ಬರು ಕಲಾವಿದೆಯರು ಅದರ ಒಂದು ಪ್ರತಿಯನ್ನೇ ಎತ್ತಿಕೊಂಡು ಹೋಗಿ ಪ್ರತಿಭಟಿಸಿದ್ದರು. ಹೆಸರು ಬದಲಾಗಲಿ, ಆದರೆ ಅವಳು ಮರೆಯಾಗಬಾರದು. ಅದೇ ವಿಗ್ರಹದ ಪ್ರತಿಗಳು ಐಸ್‌ಲೆಂಡ್, ಕೆನಡಾಗಳಲ್ಲಿವೆ. ಬೇ ರಿಡ್ಜ್‌ನ ಪಾರ್ಕಿನಲ್ಲಿ ಅವಳ ಹೆಸರು ಕೂಡ ಇಲ್ಲ.

ನೂಲುವ ಕೈಗಳನ್ನು ನೋಡಬೇಕೆಂದರೆ ವೈಕಿಂಗ್ ಫೆಸ್ಟ್‌ಗೆ ಹೋಗಬೇಕು. ಸ್ಕ್ಯಾಂಡಿನೇವಿಯನ್ ಈಸ್ಟ್ ಕೋಸ್ಟ್ ಮ್ಯೂಸಿಯಂ ಎಂಬ ಬ್ರೂಕ್ಲಿನ್ ಸಂಸ್ಥೆ ಅದನ್ನು ನಡೆಸುತ್ತದೆ. ಹಳೆಗಾಲದ ಉಡುಪಿನವರು ಡೇರೆ ಹಾಕಿಕೊಂಡು ತಮ್ಮ ತಮ್ಮ ಕಸುಬು ತೋರಿಸುತ್ತಾರೆ. ನಾನು ಹೋದಾಗ ಹಿರಿಯ ಹೆಂಗಸೊಬ್ಬರು ಮರದಡಿ ಕೂತು ನೂಲುತ್ತಿದ್ದರು. ಕೇಳಿದ್ದಕ್ಕೆ ಕದಿರನ್ನು ನನ್ನ ಕೈಗೆ ಕೊಟ್ಟರು. ಎಳೆ ತುಂಡಾಗದೆ ಇಳಿದದ್ದನ್ನು ನೋಡಿ, ಎಲ್ಲಿ ಕಲಿತೆ ಎಂದರು. ಅಜ್ಜಿಯ ಹೆಸರು ಹೇಳಿದೆ, ಹುಣಸೆ ಬೀಜದ ಸರಿಯ ಬಗ್ಗೆ ಹೇಳಿದೆ. ಹಾಯಿಗೆ ಸವರುತ್ತಿದ್ದ ಕೊಬ್ಬು ತಾರುಗಳ ಮಿಶ್ರಣ ಎಷ್ಟು ನಾರುತ್ತದೆಂದು ಅವರು ಹೇಳಿದರು. ಮಗಳು ಅಲ್ಲಿಯೇ ಕೂತು ಹುರಿ ಕೊಡುವುದನ್ನು ಕಲಿತಳು.

ಪಾರ್ಕಿನ ಕಲ್ಲಿನ ಪಕ್ಕದಲ್ಲಿ ಒಂದು ಚಿಕ್ಕ ಫಲಕ ಬೇಕೆಂದು ನಗರದ ಉದ್ಯಾನ ಇಲಾಖೆಗೆ ಮನವಿ ಬರೆಯುತ್ತಿದ್ದೇನೆ. ಗುಡ್ರಿಡ್‌ಳ ಹೆಸರು, ಹಾಯಿ ನೇಯ್ದ ಹೆಂಗಸರ ಬಗ್ಗೆ ಎರಡು ಸಾಲು, ಲಾನ್ಸ್ ಓ ಮೆಡೋಸ್‌ನ ಆ ಬಿಲ್ಲೆಯ ಚಿತ್ರ ಅದರಲ್ಲಿ ಇರಲಿ ಎಂದು ಕೇಳುತ್ತೇನೆ. ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿರುವ ಕನ್ನಡಿಗರು, ಅದರಲ್ಲೂ ಮಗ್ಗದ ಮನೆಗಳಿಂದ ಬಂದವರು, ಸಹಿ ಹಾಕಲು ಜೊತೆಯಾದರೆ ಮನವಿಗೆ ಬಲ ಬರುತ್ತದೆ.